ಕೊಕ್ಕು ಮೊದಲು, ಬಣ್ಣ ಆಮೇಲೆ

ಹಿತ್ತಲಿಗೆ ಬಂದ ಹಕ್ಕಿ ಹೇಗಿತ್ತು ಎಂದು ಕೇಳಿದರೆ ಬಹುತೇಕರು ಮೊದಲು ಹೇಳುವುದು ಬಣ್ಣ. ‘ಕಪ್ಪಗಿತ್ತು, ರೆಕ್ಕೆಯಲ್ಲಿ ಬಿಳಿ ಪಟ್ಟೆ ಇತ್ತು’ ಎನ್ನುತ್ತಾರೆ. ಆ ವರ್ಣನೆಗೆ ಗಂಡು ಮಡಿವಾಳ ಹಕ್ಕಿಯೂ ಹೊಂದುತ್ತದೆ, ನೀರಿನಂಚಿನಲ್ಲಿ ಓಡಾಡುವ ಕುಂಡೆಕುಸ್ಕವೂ ಹೊಂದುತ್ತದೆ. ಬಾಲ ನೋಡಿದ್ದರೆ ಗೊಂದಲವೇ ಇರುತ್ತಿರಲಿಲ್ಲ. ಮಡಿವಾಳ ಆಗಾಗ ಬಾಲವನ್ನು ನೆಟ್ಟಗೆ ಮೇಲಕ್ಕೆತ್ತಿ ನಿಲ್ಲುತ್ತದೆ. ಕುಂಡೆಕುಸ್ಕ ಅದನ್ನು ಎಡೆಬಿಡದೆ ಮೇಲೆ ಕೆಳಗೆ ಕುಣಿಸುತ್ತದೆ.

ಬಣ್ಣದಷ್ಟು ಮೋಸ ಮಾಡುವ ಗುರುತು ಇನ್ನೊಂದಿಲ್ಲ. ಕೋಗಿಲೆಯನ್ನೇ ತೆಗೆದುಕೊಳ್ಳಿ. ಗಂಡು ಮಿರಮಿರ ಮಿಂಚುವ ಕಪ್ಪು; ಹೆಣ್ಣು ಕಂದು, ಮೈತುಂಬ ಬಿಳಿ ಚುಕ್ಕೆ. ಗಸಗಸೆ ಹಣ್ಣಿನ ಮರಕ್ಕೆ ಎರಡೂ ಒಟ್ಟಿಗೆ ಬಂದರೆ ಬೇರೆ ಬೇರೆ ಜಾತಿಯವೆಂದು ನಂಬುವವರೇ ಹೆಚ್ಚು. ಆದರೆ ಎರಡರ ಕಣ್ಣೂ ಕೆಂಪು, ಎರಡರದೂ ಉದ್ದ ಬಾಲ. ನೇರಳೆ ಸೂರಕ್ಕಿಯ ಗಂಡಂತೂ ವರ್ಷದಲ್ಲಿ ಎರಡು ವೇಷ ತೊಡುತ್ತದೆ. ಮರಿ ಮಾಡುವ ಕಾಲದಲ್ಲಿ ಮೈಯೆಲ್ಲ ಕಪ್ಪು ನೇರಳೆ. ಅದು ಮುಗಿದ ಮೇಲೆ ಹೆಣ್ಣಿನಂತೆ ಹಳದಿ ಹೊಟ್ಟೆಯ ಮಾಸಲು ಹಕ್ಕಿ. ಗಂಟಲಿನಿಂದ ಹೊಟ್ಟೆಯತ್ತ ಇಳಿಯುವ ಒಂದು ಕಪ್ಪು ಗೆರೆ ಮಾತ್ರ ಅದರ ಗುಟ್ಟು ಬಿಟ್ಟುಕೊಡುತ್ತದೆ. ಗೀಜಗನದೂ ಇದೇ ಕಥೆ. ಮಳೆಗಾಲದಲ್ಲಿ ಗಂಡಿಗೆ ಚಿನ್ನದ ಹಳದಿ ನೆತ್ತಿ. ಉಳಿದ ತಿಂಗಳುಗಳಲ್ಲಿ ಅದು ಹೆಣ್ಣು ಗುಬ್ಬಚ್ಚಿಗಳ ನಡುವೆ ಕಾಳು ಹೆಕ್ಕುತ್ತಿದ್ದರೂ ಗೊತ್ತಾಗುವುದಿಲ್ಲ. ದಪ್ಪ ಕೊಕ್ಕು, ಮೋಟು ಬಾಲ ನೋಡಿಯೇ ಬೇರ್ಪಡಿಸಬೇಕು.

ಹಾಗಾದರೆ ಮೊದಲು ನೋಡಬೇಕಾದದ್ದು ಏನನ್ನು? ಗಾತ್ರವನ್ನು. ಸಾಲಿಂ ಅಲಿಯವರು 1941ರಲ್ಲಿ ಹೊರತಂದ ಭಾರತೀಯ ಹಕ್ಕಿಗಳ ಪುಸ್ತಕದಲ್ಲಿ ಇದಕ್ಕೊಂದು ಸರಳ ಅಳತೆಗೋಲು ಇತ್ತು. ಗುಬ್ಬಚ್ಚಿ, ಪಿಕಳಾರ, ಗೊರವಂಕ, ಪಾರಿವಾಳ, ಕಾಗೆ ಹೀಗೆ ಎಲ್ಲರೂ ಬಲ್ಲ ಹಕ್ಕಿಗಳನ್ನೇ ಮಾನದಂಡವಾಗಿಟ್ಟು, ಹೊಸ ಹಕ್ಕಿ ಅದಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಹೇಳುವ ಕ್ರಮ ಅದು. ಗುಬ್ಬಚ್ಚಿ ಸುಮಾರು 15 ಸೆಂಟಿಮೀಟರ್, ಪಿಕಳಾರ 20, ಗೊರವಂಕ 23, ಊರುಕಾಗೆ 40ರ ಆಸುಪಾಸು. ದೂರದರ್ಶಕವಿಲ್ಲದ ಮನೆಯಲ್ಲೂ ಈ ಲೆಕ್ಕ ನಡೆಯುತ್ತದೆ.

ಆಮೇಲೆ ಕೊಕ್ಕು. ಹಕ್ಕಿ ಏನು ತಿನ್ನಲು ಬಂದಿದೆ ಎಂಬುದನ್ನು ಅದರ ಕೊಕ್ಕೇ ಹೇಳುತ್ತದೆ. ಗುಬ್ಬಚ್ಚಿ, ರಾಟವಾಳ, ಗೀಜಗಗಳದು ಗಿಡ್ಡ, ದಪ್ಪ, ಕಾಳಿನ ಸಿಪ್ಪೆ ಸುಲಿಯುವ ಕೊಕ್ಕು. ಸೂರಕ್ಕಿಯದು ಹೂವಿನ ಬುಡದವರೆಗೆ ಇಳಿಯುವ ತೆಳ್ಳನೆಯ ಬಾಗಿದ ಕೊಕ್ಕು. ಬಾಳೆ ಹೂವಿಗೆ ಬಂದ ಈ ಪುಟ್ಟ ಹಕ್ಕಿಯನ್ನು ‘ಹಮ್ಮಿಂಗ್ ಬರ್ಡ್’ ಎಂದು ಕರೆಯುವ ರೂಢಿ ಬಿದ್ದುಬಿಟ್ಟಿದೆ. ಆ ಹಕ್ಕಿಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಸಿಂಪಿಗದ ಸೂಜಿಯಂಥ ಕೊಕ್ಕು ಹುಳುಗಳಿಗೆ. ಕುಟ್ರುಹಕ್ಕಿಯದು ಹಣ್ಣು ನುಂಗುವ, ಒಣಕೊಂಬೆಯಲ್ಲಿ ಗೂಡು ಕೊರೆಯುವ ಗಟ್ಟಿ ಕೊಕ್ಕು. ಅದರ ಬುಡದಲ್ಲಿ ಮೀಸೆಯಂತೆ ನಿಂತ ಬಿರುಗೂದಲು.

ಕೊಕ್ಕಿಗೆ ತಕ್ಕ ತಿನಿಸು ಇಟ್ಟು ಹಕ್ಕಿಗಳನ್ನು ಹಿತ್ತಲಿಗೆ ಕರೆಯುವುದೂ ಉಂಟು. ಅದರಲ್ಲಿ ಚಳಿನಾಡಿನ ಕ್ರಮವೇ ಬೇರೆ. ಅಲ್ಲಿ ಹಿಮ ಬಿದ್ದು ಆಹಾರ ಮುಚ್ಚಿಹೋಗುವ ತಿಂಗಳುಗಳಲ್ಲಿ ಸೂರ್ಯಕಾಂತಿ ಬೀಜ, ಕಡಲೆಕಾಯಿ, ಕೊಬ್ಬಿನ ಉಂಡೆಗಳನ್ನು ತೂಗುಹಾಕುತ್ತಾರೆ. ಲಂಡನ್ನಿನಲ್ಲಿ ನೆಲೆಸಿದ ಕನ್ನಡಿಗರ ತೋಟಕ್ಕೆ ಹಾಗೆ ಕಡಲೆಕಾಯಿ ತಿನ್ನಲು ಬರುವವುಗಳಲ್ಲಿ ನಮ್ಮೂರಿನ ಗಿಳಿಯೂ ಸೇರಿದೆ! ಪಂಜರದಿಂದ ತಪ್ಪಿಸಿಕೊಂಡವುಗಳ ಸಂತತಿ ಅಲ್ಲಿ ಕಾಡುಹಕ್ಕಿಯಾಗಿಯೇ ಬೆಳೆದಿದೆ. ಗಂಡಿನ ಕೊರಳಲ್ಲಿ ಕಪ್ಪು, ಗುಲಾಬಿ ಬಳೆ. ಹೆಣ್ಣಿಗೂ ಎಳೆಯವಕ್ಕೂ ಅದಿಲ್ಲ. ನಮ್ಮಲ್ಲಿ ಗಿಳಿಯನ್ನು ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ನಮ್ಮ ನಾಡಿನಲ್ಲಿ ಹಕ್ಕಿಗೆ ಅನ್ನವಿಡುವುದು ಹೊಸದೇನಲ್ಲ. ಬಾಗಿಲಿಗೆ ಭತ್ತದ ತೆನೆ ಕಟ್ಟಿದ ಮನೆಗಳಲ್ಲಿ ಗುಬ್ಬಚ್ಚಿಗೆ ಕರೆ ಬೇಕಿರಲಿಲ್ಲ. ಪಿತೃಪಕ್ಷದಲ್ಲಿ ಕಾಗೆಗೆ ಎಡೆ ಇಡುವವರು ಎರಡು ಬಗೆಯ ಕಾಗೆಯನ್ನೂ ನೋಡಿಯೇ ಇರುತ್ತಾರೆ: ಕೊರಳು ಬೂದು ಇರುವುದು ಊರುಕಾಗೆ, ಪೂರ್ತಿ ಕಪ್ಪಾಗಿ ದಪ್ಪ ಕೊಕ್ಕಿರುವುದು ಕಾಡುಕಾಗೆ.

ಹಣ್ಣಿನ ತಟ್ಟೆಗೆ ತಪ್ಪದೆ ಬರುವುದು ಪಿಕಳಾರ. ಒಂದು ಮಾಗಿದ ಬಾಳೆಹಣ್ಣೋ ಪರಂಗಿಯ ಹೋಳೋ ಇಟ್ಟರೆ ಸಾಕು. ಕರ್ನಾಟಕದ ಹಿತ್ತಲುಗಳಲ್ಲಿ ಇದರ ಎರಡು ಜಾತಿಗಳು ಸಾಮಾನ್ಯ, ಎರಡಕ್ಕೂ ಬಾಲದ ಬುಡದಲ್ಲಿ ಕೆಂಪು. ಹಾಗಾಗಿ ಕೆಂಪು ಕಂಡಿತೆಂದು ಹೆಸರು ಬರೆದುಕೊಂಡರೆ ಕೆಲಸ ಅರ್ಧವೇ ಆದಂತೆ. ಚೂಪಾದ ಕಪ್ಪು ಜುಟ್ಟು, ಬಿಳಿ ಎದೆ, ಕಣ್ಣಿನ ಹಿಂದೆ ಕೆಂಪು ಬೊಟ್ಟು ಇದ್ದರೆ ಕೆಮ್ಮೀಸೆ ಪಿಕಳಾರ. ತಲೆಯೆಲ್ಲ ಕಪ್ಪಾಗಿ, ಜುಟ್ಟು ಮೊಂಡಾಗಿ, ಕಂದು ಮೈಮೇಲೆ ಮೀನಿನ ಪೊರೆಯಂಥ ಗೆರೆಗಳಿದ್ದರೆ ಇನ್ನೊಂದು. ಕೆಮ್ಮೀಸೆಯ ಮರಿಗಳಿಗೆ ಕೆನ್ನೆಯ ಕೆಂಪು ಇನ್ನೂ ಮೂಡಿರುವುದಿಲ್ಲ; ಅಲ್ಲಿ ಜುಟ್ಟೇ ಸಾಕ್ಷಿ.

ಗೊರವಂಕಗಳಲ್ಲೂ ಇಂಥದೇ ಜೋಡಿ ಇದೆ. ಕಣ್ಣಿನ ಸುತ್ತ ಹಳದಿ ಬರಿಚರ್ಮ ಇರುವುದು ಊರಿನದು. ಅದಿಲ್ಲದೆ ಕೊಕ್ಕಿನ ಬುಡದಲ್ಲಿ ಗರಿಗಳ ಸಣ್ಣ ಕುಚ್ಚಿದ್ದು, ಕಣ್ಣು ನೀಲಿಬೂದು ಇದ್ದರೆ ಕಾಡು ಗೊರವಂಕ.

ಕೆಲವು ಹಕ್ಕಿಗಳನ್ನು ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ. ಕುಟ್ರುಹಕ್ಕಿ ಎಲೆಯ ಬಣ್ಣದ್ದಾದ್ದರಿಂದ ಎದುರಿಗಿದ್ದರೂ ಕಾಣುವುದಿಲ್ಲ, ‘ಕುಟ್ರೂ ಕುಟ್ರೂ’ ಮಾತ್ರ ಬೆಳಗಿನಿಂದ ಕೇಳುತ್ತಲೇ ಇರುತ್ತದೆ. ಈಗ ಮೊಬೈಲಿನಲ್ಲಿ ದನಿ ಕೇಳಿಸಿದರೆ ಹೆಸರು ಹೇಳುವ ಕಾರ್ನೆಲ್ ವಿಶ್ವವಿದ್ಯಾಲಯದ ‘ಮರ್ಲಿನ್’ ಆ್ಯಪ್ ಇದೆ. ಒಳ್ಳೆಯ ಸಾಧನವೇ. ಆದರೆ ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸುವುದರಲ್ಲಿ ಪಳಗಿದ್ದು. ಅಂಥವರ ಮುಂದೆ ಯಂತ್ರವೂ ಎಡವಬಹುದು. ಹಕ್ಕಿಯನ್ನು ಕಣ್ಣಾರೆ ಕಂಡ ಮೇಲೆ ಹೆಸರು ಬರೆದುಕೊಳ್ಳುವುದೇ ಸರಿ.

ಹೀಗೆ ಕಲಿತದ್ದು ವಿಜ್ಞಾನಕ್ಕೂ ಸಲ್ಲುತ್ತದೆ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆ 1998ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಭಾರತ 2013ರಿಂದ ಅದರಲ್ಲಿದೆ. ಕನಿಷ್ಠ 15 ನಿಮಿಷ ಒಂದೆಡೆ ಕೂತು, ಕಂಡ ಹಕ್ಕಿಗಳ ಜಾತಿ ಮತ್ತು ಸಂಖ್ಯೆಯನ್ನು ‘ಇ–ಬರ್ಡ್’ ಜಾಲತಾಣದಲ್ಲಿ ದಾಖಲಿಸಿದರೆ ಆಯಿತು. ಗುರುತು ಸಿಗದ ಹಕ್ಕಿಯನ್ನು ಊಹಿಸಿ ಬರೆಯದೆ ಬಿಟ್ಟರೇ ಪಟ್ಟಿಗೆ ಬೆಲೆ.

ಇನ್ನು ಇಡಬೇಕಾದದ್ದೇನು ಎಂಬ ಮಾತು. ಮಹಡಿಯ ಮೇಲೆ ಸೇರುಗಟ್ಟಲೆ ಜೋಳ ಸುರಿದರೆ ಅದನ್ನು ಪಾರಿವಾಳಗಳೇ ಮುತ್ತಿಕೊಳ್ಳುತ್ತವೆ, ಮಿಕ್ಕ ಹಕ್ಕಿಗಳಿಗೆ ಜಾಗವಿರುವುದಿಲ್ಲ. ಒಣಗಿದ ಅವುಗಳ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ಗಂಭೀರ ತೊಂದರೆ ಕೊಡುತ್ತದೆ. ಹೆಚ್ಚು ಬಗೆಯ ಹಕ್ಕಿಗಳನ್ನು ನೋಡುವ ಆಸೆಯಿದ್ದವರಿಗೆ ಕಾಳಿಗಿಂತ ನೀರೇ ಮೇಲು, ಏಕೆಂದರೆ ಕಾಳು ಮುಟ್ಟದ ಮಡಿವಾಳ, ಸಿಂಪಿಗಗಳೂ ಬೇಸಿಗೆಯಲ್ಲಿ ಕುಡಿಯಲು, ಮೀಯಲು ಬರುತ್ತವೆ. ಎರಡು ಬೆರಳಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆಯನ್ನು ನೆರಳಿನಲ್ಲಿ, ಬೆಕ್ಕು ಅಡಗಿ ಕೂರಲಾಗದ ಕಡೆ ಇಡಿ. ದಿನವೂ ತಿಕ್ಕಿ ತೊಳೆದು ಹೊಸ ನೀರು ತುಂಬಿ.