ಕಟ್ಟಿದ ಮೇಲಿನ ಕೆಲಸ

1920ರಲ್ಲಿ ಸ್ಥಾಪನೆಯಾದ ಭಾರತೀಯ ಇಂಜಿನಿಯರುಗಳ ಸಂಸ್ಥೆಯಂಥ ವೃತ್ತಿಸಂಘಗಳಲ್ಲಿ ತಾಂತ್ರಿಕ ಬಳಗವೊಂದನ್ನು ಹುಟ್ಟುಹಾಕುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಉಳಿಸುವ ಬಗೆಯನ್ನು ನಾನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೀಮೆಯಲ್ಲಿ ಕಾಣುತ್ತೇನೆ.

ಶಿರಸಿ ತಾಲೂಕಿನ ಗೋಬರ್ ಗ್ಯಾಸ್ ಸ್ಥಾವರಗಳನ್ನು ಕುರಿತು ಭಟ್, ಚಾಣಕ್ಯ, ರವೀಂದ್ರನಾಥ್ ಅವರು 2001ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಬೇರೆಡೆ ಎಷ್ಟೋ ಸ್ಥಾವರಗಳು ಪಾಳುಬಿದ್ದಿದ್ದಾಗ ಇಲ್ಲಿ ಪರಿಶೀಲಿಸಿದವೆಲ್ಲ ನಡೆಯುತ್ತಿದ್ದವು. ಕಟ್ಟಿಕೊಟ್ಟ ಸ್ಥಳೀಯರು ಹೊಣೆ ಹೊತ್ತು, ಕೆಟ್ಟಾಗ ಪುಕ್ಕಟೆ ಬಂದು ಸರಿಪಡಿಸುತ್ತಿದ್ದುದು ಇದಕ್ಕೊಂದು ಮುಖ್ಯ ಕಾರಣ. ಹಾಗೆ ಮರಳಿ ಬಂದವನಿಗೆ ತನ್ನ ಕೆಲಸದ ದೋಷ ತಿಳಿಯುತ್ತದೆ. ಅದನ್ನು ಹೇಳಿಕೊಳ್ಳಲು ಜೊತೆಗಾರರು ಬೇಕೆನಿಸುತ್ತದೆ. ಬಳಗ ಬಾಳುವುದು ಈ ಬೇಕಿನಿಂದ.

ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನದಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿದ ಬಳಿಕ, ಸಂಘದವರು ಮೇಸ್ತ್ರಿಗಳನ್ನೂ ಕೂಡಿಸಿಕೊಂಡು, ಆ ವರ್ಷ ಕೆಟ್ಟುನಿಂತ ಒಂದು ಕೆಲಸವನ್ನು ನೋಡಲು ಹೋಗಲಿ. ಮುಂದಿನ ಸಭೆಗೆ ಕರೆಯೋಲೆ ಬೇಕಾಗದು.