ಬೊಗಳದೆ ಮುಂದೆ ಹೋದ ನಾಯಿ



2023ರ ಫೆಬ್ರವರಿ 6ರ ನಸುಕಿನಲ್ಲಿ ತುರ್ಕಿಯಲ್ಲಿ 7.8 ತೀವ್ರತೆಯ ಭೂಕಂಪ ಆಯಿತಲ್ಲ, ಆಗ ನಮ್ಮ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಜೊತೆ ಅದರ ನಾಯಿಗಳೂ ವಿಮಾನ ಹತ್ತಿದವು. ನೂರ್ದಾಗಿ ಎಂಬ ಊರಿನಲ್ಲಿ ಕುಸಿದುಬಿದ್ದ ಬಹುಮಹಡಿ ಕಟ್ಟಡದ ಬಳಿ ಜೂಲಿ ಎಂಬ ಲ್ಯಾಬ್ರಡಾರ್ ಬೊಗಳಿತು. ಖಾತ್ರಿ ಮಾಡಿಕೊಳ್ಳಲು ರೋಮಿಯೋ ಎಂಬ ಇನ್ನೊಂದು ನಾಯಿಯನ್ನು ಕರೆತಂದರು. ಅದೂ ಬೊಗಳಿತು. ಅಗೆದಾಗ ಆರು ವರ್ಷದ ಹುಡುಗಿ ಜೀವಂತವಾಗಿ ಸಿಕ್ಕಳು.

ಎರಡನೆಯ ನಾಯಿ ಯಾಕೆ ಬೇಕು? ಅವಶೇಷದೊಳಗಿನ ವಾಸನೆ ಸಂದಿಗೊಂದಿ ಸುತ್ತಿ ಬೇರೆಲ್ಲೋ ಹೊರಬರುತ್ತದೆ. ತಪ್ಪು ಜಾಗ ಅಗೆದರೆ ಇನ್ನೊಂದೆಡೆ ಉಸಿರು ಹಿಡಿದಿರುವ ಜೀವದ ಹೊತ್ತು ಕಳೆದುಹೋಗುತ್ತದೆ.

ಬದುಕಿರುವವರನ್ನು ಹುಡುಕುವ ಈ ನಾಯಿಗಳಿಗೆ ಹುಡುಕಾಟ ಎಂದರೆ ಕಣ್ಣಾಮುಚ್ಚಾಲೆ. ತರಬೇತಿಯಲ್ಲಿ ಒಬ್ಬರು ಇಟ್ಟಿಗೆ ರಾಶಿಯ ಮರೆಯಲ್ಲಿ ಅಡಗುತ್ತಾರೆ. ಪತ್ತೆಹಚ್ಚಿ ಬೊಗಳಿದರೆ ಚೆಂಡು, ಮುದ್ದು, ಆಟ. ಸುಮ್ಮಸುಮ್ಮನೆ ಬೊಗಳಿದರೆ ಏನೂ ಇಲ್ಲ. ಹಾಗಾಗಿ ಯಾರ ಸುಳಿವೂ ಸಿಗದ ಕಡೆ ನಾಯಿ ಸದ್ದಿಲ್ಲದೆ ಮುಂದೆ ಹೋಗುತ್ತದೆ. ಅದರ ಬೊಗಳುವಿಕೆ ಸುದ್ದಿಯಾಗುತ್ತದೆ, ಸರಿ. ಬೊಗಳದೆ ದಾಟಿದ ಜಾಗಗಳು ಸುದ್ದಿಯಾಗುವುದಿಲ್ಲ. ಆದರೆ ಎಲ್ಲಿ ಮೊದಲು ಅಗೆಯಬೇಕು ಎಂಬುದನ್ನು ತೀರ್ಮಾನಿಸಲು ಆ ಮೌನವೂ ಬೇಕು. ಗೋಗರೆಯುತ್ತ ನಿಂತ ಬಂಧುಗಳ ಎದುರು ಆ ಮೌನವನ್ನು ನಂಬಿ ಮುಂದಿನ ಮನೆಗೆ ಹೆಜ್ಜೆ ಇಡುವುದು ಎಷ್ಟು ಕಷ್ಟದ ಕೆಲಸ!

ಶವ ಹುಡುಕುವ ನಾಯಿಗಳ ತರಬೇತಿಯೇ ಬೇರೆ. 2024ರ ಜುಲೈನಲ್ಲಿ ವಯನಾಡಿನ ಗುಡ್ಡ ಕುಸಿದಾಗ ಕೇರಳ ಪೊಲೀಸರ ಮಾಯಾ, ಮರ್ಫಿ ಎಂಬ ಅಂಥ ನಾಯಿಗಳು ಆ ಕೆಸರಿನಲ್ಲಿ ದುಡಿದವು. ಮಣ್ಣು ಮಾಡಲು ದೇಹವಾದರೂ ಸಿಗಲಿ ಎಂದು ಕಾದವರಿಗೆ ಅದೇ ದೊಡ್ಡ ಉಪಕಾರ.

2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮೇಲೆ, ಎಷ್ಟು ಹುಡುಕಿದರೂ ಜೀವ ಸಿಗದೆ ನಾಯಿಗಳು ಮಂಕಾದವು. ಆಗ ಜೊತೆಗಿದ್ದವರೇ ಅವಶೇಷಗಳ ನಡುವೆ ಬೇಕೆಂದೇ ಅಡಗಿ ಕುಳಿತರು, ನಾಯಿ ಬದುಕಿರುವ ಒಬ್ಬರನ್ನಾದರೂ ಕಂಡು ಹಿಗ್ಗಲಿ ಎಂದು. ಸಾವಿನ ಧೂಳಿನಲ್ಲಿ ಹಗಲಿರುಳು ದುಡಿದವರು ಅವರು. ಅವರ ದುಃಖವೇ ಬೆಟ್ಟದಷ್ಟಿತ್ತು. ಆದರೂ ನಾಯಿಯ ಬೇಸರ ಅವರ ಕಣ್ಣಿಗೆ ಬಿತ್ತು. ಆ ನಾಯಿಗಳ ಮೇಲೆ ಎಷ್ಟು ಗೌರವವೋ, ಅಡಗಿ ಕುಳಿತ ಆ ಮನುಷ್ಯರ ಮೇಲೂ ನನಗೆ ಅಷ್ಟೇ ಗೌರವ.