ಅಚ್ಚಿಗೆ ಕೊಡುವ ಮುನ್ನ

(ಸುವರ್ಣ ಮಹೋತ್ಸವದ ಸಿದ್ಧತೆಗಾಗಿ ಶಾಲೆಯಲ್ಲಿ ಸೇರಿದ್ದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ, ಪುಟವಿನ್ಯಾಸದ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸ್ಮರಣ ಸಂಚಿಕೆ ತರಬೇಕೆಂದು ಸಮಿತಿ ತೀರ್ಮಾನಿಸಿದೆ. ಫೋಟೋ, ಲೇಖನ, ಜಾಹೀರಾತು ಬರತೊಡಗಿವೆ. "ನೀನು ಪ್ರೆಸ್ಸಿನ ಕೆಲಸ ಬಲ್ಲವನು, ಅಚ್ಚಿಗೆ ಹೇಗೆ ಸಿದ್ಧ ಮಾಡಿ ಕೊಡಬೇಕು ಅಂತ ನಾಲ್ಕು ಮಾತು ಹೇಳು" ಎಂದರು. ನಾನು ಭಾಷಣಕಾರನಲ್ಲ. ನನ್ನ ಕೆಲಸದ ಮಾತನ್ನಷ್ಟೇ ಹೇಳುತ್ತೇನೆ.

ಮುದ್ರಣದ ಮೊದಲ ಪಾಠ ನಾನು ಕಲಿತದ್ದು ಈ ಶಾಲೆಯ ಆಫೀಸ್ ಕೋಣೆಯಲ್ಲಿ. ಆಗ ಪ್ರಶ್ನೆಪತ್ರಿಕೆಗಳನ್ನು ಸೈಕ್ಲೋಸ್ಟೈಲ್ ಮಾಡುತ್ತಿದ್ದರು. ನಮ್ಮ ಕನ್ನಡ ಮೇಷ್ಟ್ರು ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಲೋಹದ ಮೊನೆಯ ಕಡ್ಡಿಯಿಂದ ಬರೆಯುವರು. ಬರೆದು ಮುಗಿದ ಮೇಲೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲಿನಿಂದ ಕೊನೆಯತನಕ ಓದುವರು. ತಪ್ಪಿದ್ದರೆ ಆ ಜಾಗಕ್ಕೆ ದ್ರವ ಹಚ್ಚಿ, ಒಣಗಿದ ಮೇಲೆ ಮತ್ತೆ ಬರೆಯುವರು. "ಇಷ್ಟೊಂದು ಯಾಕೆ ಓದ್ತೀರಿ ಸಾರ್?" ಎಂದು ಒಮ್ಮೆ ಕೇಳಿದೆ. "ಇಲ್ಲಿ ಒಂದು ತಪ್ಪು ಮಾಡಿದರೆ ಅಲ್ಲಿ ನೂರು ತಪ್ಪಾಗುತ್ತೆ ಕಣೋ" ಎಂದರು. ನನ್ನ ಇಷ್ಟು ವರ್ಷಗಳ ಕೆಲಸದ ಸಾರ ಆ ಮಾತಿನಲ್ಲೇ ಇದೆ. ಸ್ಟೆನ್ಸಿಲ್ ಹೋಗಿ ಕಂಪ್ಯೂಟರ್ ಬಂತು, ಆಫ್‌ಸೆಟ್ ಬಂತು. ಆದರೆ ಯಂತ್ರಕ್ಕೆ ಇವತ್ತಿಗೂ ಸರಿ ತಪ್ಪು ಗೊತ್ತಿಲ್ಲ. ಕೊಟ್ಟದ್ದನ್ನೇ ಅದು ಸಾವಿರ ಮಾಡುತ್ತದೆ.

ಮೊದಲು ಫೋಟೋ ವಿಷಯ. ನಿಮ್ಮಲ್ಲಿ ಹೆಚ್ಚಿನವರು ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದೀರಿ. ಬೇಗ ಹೋಗಲಿ ಎಂದು ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ. ಮೊಬೈಲಿನಲ್ಲಿ ಚೆನ್ನಾಗಿ ಕಂಡದ್ದು ಅಚ್ಚಿನಲ್ಲಿ ಮಸುಕಾಗುತ್ತದೆ. ಒಳ್ಳೆಯ ಮುದ್ರಣಕ್ಕೆ ಒಂದು ಇಂಚಿಗೆ 300 ಚುಕ್ಕೆ ಬೇಕು ಎಂಬುದು ನಮ್ಮಲ್ಲಿರುವ ಲೆಕ್ಕ. 6 ಇಂಚು ಅಗಲದ ಚಿತ್ರ ಬೇಕಾದರೆ ಅಡ್ಡಕ್ಕೆ 1800 ಚುಕ್ಕೆ ಇರಬೇಕು. ಇಲ್ಲದ ಚುಕ್ಕೆಯನ್ನು ಕಂಪ್ಯೂಟರಿನಲ್ಲಿ ಎಳೆದು ದೊಡ್ಡದು ಮಾಡಿದರೆ ಮುಖ ಹರಡುತ್ತದೆಯೇ ಹೊರತು ಸ್ಪಷ್ಟವಾಗುವುದಿಲ್ಲ. ಆದ್ದರಿಂದ ಮೂಲ ಫೈಲನ್ನೇ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ, ಇಲ್ಲವೇ ಪೆನ್‌ಡ್ರೈವಿನಲ್ಲಿ ತಂದುಕೊಡಿ.

ಹಳೆಯ ಕಪ್ಪು ಬಿಳುಪು ಫೋಟೋಗಳನ್ನು ಮೊಬೈಲಿನಲ್ಲಿ ತೆಗೆಯಬೇಡಿ, ಬೆಳಕು ಹೊಳೆದು ಮುಖ ಅಳಿಸಿಹೋಗುತ್ತದೆ. ಸ್ಕ್ಯಾನ್ ಮಾಡಿಸಿ. 3 ಇಂಚಿನ ಫೋಟೋವನ್ನು 6 ಇಂಚಿಗೆ ಅಚ್ಚು ಹಾಕುವುದಾದರೆ 600ರಲ್ಲಿ ಸ್ಕ್ಯಾನ್ ಮಾಡಬೇಕು, ಎರಡು ಪಟ್ಟು ಹಿಗ್ಗಿಸಿದಾಗ ಅದು 300 ಆಗುತ್ತದೆ.

ಎರಡನೆಯದು ಅಂಚು. ಅಚ್ಚಾದ ಹಾಳೆಗಳನ್ನು ಮಡಚಿ, ಹೊಲಿದು, ಕೊನೆಗೆ ಮೂರು ಕಡೆ ಕತ್ತರಿಸುತ್ತಾರೆ. ಕತ್ತಿ ಪ್ರತಿ ಸಲವೂ ಗೆರೆಯ ಮೇಲೇ ಬೀಳುವುದಿಲ್ಲ, ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಬಣ್ಣ ಅಂಚಿನವರೆಗೂ ಬೇಕಿದ್ದರೆ ಸುತ್ತ 3 ಮಿಲಿಮೀಟರ್ ಹೆಚ್ಚಿಗೆ ಬಿಡಬೇಕು. ಎ4 ಪುಟ 210ಕ್ಕೆ 297 ಮಿಲಿಮೀಟರ್. ಅದನ್ನು 216ಕ್ಕೆ 303 ಎಂದು ಸಿದ್ಧ ಮಾಡಬೇಕು. ಇದಕ್ಕೆ ಬ್ಲೀಡ್ ಎನ್ನುತ್ತೇವೆ. ಅಕ್ಷರ ಮತ್ತು ಮುಖಗಳು ಮಾತ್ರ ಅಂಚಿನಿಂದ ಸಾಕಷ್ಟು ಒಳಗಿರಬೇಕು. ಹೊಲಿಗೆಯ ಕಡೆಯಂತೂ ಇನ್ನೂ ಹೆಚ್ಚು ಜಾಗ ಬೇಕು.

ಇದು ಬರೀ ಅಳತೆಯ ಮಾತಲ್ಲ. ನಮ್ಮ ಶಾಲೆಯ ಗ್ರೂಪ್ ಫೋಟೋಗಳನ್ನು ನೆನಪಿಸಿಕೊಳ್ಳಿ. ಮಧ್ಯದ ಕುರ್ಚಿಯಲ್ಲಿ ಮುಖ್ಯೋಪಾಧ್ಯಾಯರು, ಅತಿಥಿಗಳು. ತುದಿಯಲ್ಲಿ ನಿಂತವರು ಯಾರು? ಗಂಟೆ ಬಾರಿಸುತ್ತಿದ್ದ ಜವಾನರು, ನೀರು ತುಂಬುತ್ತಿದ್ದ ಅಮ್ಮ, ತಡವಾಗಿ ಓಡಿಬಂದ ಹುಡುಗ. ಅಂಚು ಬಿಡದೆ ಪುಟ ಕಟ್ಟಿದರೆ ಕತ್ತಿಗೆ ಸಿಗುವವರು ಇವರೇ. ಐವತ್ತು ವರ್ಷದ ನೆನಪಿನ ಪುಸ್ತಕದಲ್ಲಿ ಗಂಟೆ ಬಾರಿಸಿದವರ ಅರ್ಧ ಮುಖ ಕತ್ತರಿಸಿ ಹೋದರೆ ಅದಕ್ಕೆ ಬೈಂಡಿಂಗಿನವನು ಹೊಣೆಯಲ್ಲ, ನಾವು ಹೊಣೆ. ಫೋಟೋದ ಹಿಂದೆ ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆದುಕೊಡಿ, ತುದಿಯವರದೂ ಸೇರಿ.

ಬಣ್ಣದ ಬಗ್ಗೆ ಒಂದೆರಡು ಮಾತು ಸಾಕು. ಪರದೆಯ ಬಣ್ಣ ಬೆಳಕಿನದು, ಕೆಂಪು ಹಸಿರು ನೀಲಿ ಕೂಡಿದ್ದು. ಕಾಗದದ ಬಣ್ಣ ಶಾಯಿಯದು. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗೆ ನಾಲ್ಕು ಪ್ಲೇಟು. ಪರದೆಯಲ್ಲಿ ಮಿಂಚುವ ಹಸಿರು, ನೀಲಿ ಕಾಗದದಲ್ಲಿ ಅಷ್ಟು ಮಿಂಚುವುದಿಲ್ಲ. ಮೊದಲೇ ಸಿಎಂವೈಕೆಗೆ ಬದಲಿಸಿ ನೋಡಿದರೆ ಆಮೇಲೆ ಜಗಳವಿರುವುದಿಲ್ಲ. ಸಣ್ಣ ಅಕ್ಷರಗಳು ಕಪ್ಪು ಶಾಯಿ ಒಂದರಲ್ಲೇ ಇರಲಿ. ನಾಲ್ಕೂ ಬಣ್ಣ ಸೇರಿದ ಕಪ್ಪಾದರೆ, ಪ್ಲೇಟು ಎಳೆಯಷ್ಟು ಸರಿದರೂ ಅಕ್ಷರದ ಪಕ್ಕ ಬಣ್ಣದ ನೆರಳು ಬೀಳುತ್ತದೆ. ಮ್ಯಾಪ್‌ಲಿತೋ ಕಾಗದ ಶಾಯಿ ಹೀರುವುದರಿಂದ ಕಪ್ಪಾದ ಫೋಟೋ ಇನ್ನೂ ಕಪ್ಪಾಗುತ್ತದೆ. ಅಂಥ ಚಿತ್ರವನ್ನು ಸ್ವಲ್ಪ ತಿಳಿ ಮಾಡಿ ಕೊಡಬೇಕು.

ಇನ್ನು ನಮ್ಮ ಕನ್ನಡ ಅಕ್ಷರ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ತೀರಿಕೊಂಡ ಒಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರ ನೆನಪಿಗೆ ಅವರ ಮನೆಯವರು ಚಿಕ್ಕ ಪುಸ್ತಕ ಮಾಡಿಸಿದರು, 500 ಪ್ರತಿ. ಹಳೆಯ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಒಂದೊಂದು ಸಂಸ್ಥೆಯ ಫಾಂಟಿನಲ್ಲಿ ಒಂದೊಂದು ಜೋಡಣೆ. ನಾನು ಒಂದು ಫಾಂಟಿನಲ್ಲಿ ಪುಟ ಕಟ್ಟಿದ್ದೆ, ಅಚ್ಚಿಗೆ ಕೊಟ್ಟ ಕಡೆ ಬೇರೆ ಫಾಂಟಿತ್ತು. ಉಳಿದದ್ದೆಲ್ಲ ಸರಿಯಾಗಿಯೇ ಕಂಡಿತು, ಅರ್ಕಾವತ್ತು ಮಾತ್ರ ಮಾಯವಾಯಿತು. ಧರ್ಮ ಹೋಗಿ ಧಮ, ಕರ್ನಾಟಕ ಹೋಗಿ ಕನಾಟಕ. ಮೇಷ್ಟ್ರ ಹೆಸರಿನಲ್ಲೂ ಅರ್ಕಾವತ್ತಿತ್ತು. ನಾನು ಪರದೆಯ ಮೇಲೆ ಕಣ್ಣಾಡಿಸಿ "ಓಕೆ" ಎಂದಿದ್ದೆ, ಕಾಗದದ ಮೇಲೆ ಓದಿರಲಿಲ್ಲ.

ಮರುದಿನವೇ ಕಾರ್ಯಕ್ರಮ. ಮತ್ತೆ ಅಚ್ಚು ಹಾಕಲು ಸಮಯವೂ ಇಲ್ಲ, ದುಡ್ಡೂ ಇಲ್ಲ. ರಾತ್ರಿಯಿಡೀ ಕೂತು ಕಪ್ಪು ಪೆನ್ನಿನಲ್ಲಿ 500 ಪ್ರತಿಗಳ ಮುಖಪುಟಕ್ಕೂ ಮೊದಲ ಪುಟಕ್ಕೂ ಅರ್ಕಾವತ್ತು ಬರೆದೆ. ಒಳಗಿನದನ್ನು ಬಿಡಬೇಕಾಯಿತು. ಬೆಳಗ್ಗೆ ಕಟ್ಟು ಹೊತ್ತುಕೊಂಡು ಹೋಗಿ ಮೇಷ್ಟ್ರ ಹೆಂಡತಿಯ ಮುಂದೆ ತಪ್ಪೊಪ್ಪಿಕೊಂಡೆ. ಕಂಪ್ಯೂಟರನ್ನು ದೂರಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ಅವರ ಮುಖ ನೋಡಿ ಬಾಯಿ ಬರಲಿಲ್ಲ. ಆಕೆ ಪುಸ್ತಕದ ಮೇಲೆ ಕೈಯಾಡಿಸಿ, "ಊರ ಮಕ್ಕಳ ಪಟ್ಟಿಯೆಲ್ಲ ತಿದ್ದಿದವರು. ತಮ್ಮ ಪುಸ್ತಕ ತಿದ್ದೋಕೆ ಅವರೇ ಇಲ್ಲವಲ್ಲಪ್ಪ" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಇದನ್ನು ಮರೆಯಲಾಗಲಿಲ್ಲ.

ಈಗ ಯೂನಿಕೋಡ್ ಬಂದಿದೆ, ಕಷ್ಟ ಬಹಳ ಕಡಿಮೆಯಾಗಿದೆ. ಆದರೆ ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಒಗ್ಗದು. ಅದನ್ನೇ ಬಳಸುವ ಕಡೆ ನಿಮ್ಮ ಬರಹವನ್ನು ಹಳೆಯ ಫಾಂಟಿಗೆ ಪರಿವರ್ತಿಸುತ್ತಾರೆ. ಆಗ ಒತ್ತಕ್ಷರ, ಅರ್ಕಾವತ್ತು ಜಾರುವುದುಂಟು. ಆದ್ದರಿಂದ ಫಾಂಟುಗಳನ್ನು ಒಳಗೇ ಸೇರಿಸಿದ ಪಿಡಿಎಫ್ ಕೊಡಬೇಕು. ಮುಖಪುಟದ ಶೀರ್ಷಿಕೆಯಂಥದ್ದನ್ನು ಕರ್ವ್ ಮಾಡಿ, ಅಂದರೆ ಅಕ್ಷರವನ್ನು ಚಿತ್ರರೇಖೆಯಾಗಿಸಿ ಕೊಡಬೇಕು. ಕರ್ವ್ ಆದ ಮೇಲೆ ತಿದ್ದಲಾಗದು, ತಿದ್ದುವ ಪ್ರತಿಯೊಂದನ್ನು ಬೇರೆ ಇಟ್ಟುಕೊಳ್ಳಿ.

ಕೊನೆಯ ಮಾತು ಪ್ರೂಫಿನದು. ಪ್ಲೇಟು ಆದ ಮೇಲೆ ತಿದ್ದುವುದೆಂದರೆ ಹೊಸ ಪ್ಲೇಟು, ಹೊಸ ಖರ್ಚು. ಹಾಳೆ ಅಚ್ಚಾದ ಮೇಲಂತೂ ಕಾಗದವೂ ವ್ಯರ್ಥ. ಅದಕ್ಕೇ ಕೊನೆಯ ಪ್ರೂಫನ್ನು ಕಾಗದದ ಮೇಲೆ ತೆಗೆದು, ಪುಟ ಕಟ್ಟದ ಇನ್ನೊಬ್ಬರು ಓದಬೇಕು. ಕಟ್ಟಿದವನ ಕಣ್ಣು ತನ್ನ ತಪ್ಪನ್ನು ಸರಿಯಾಗಿಯೇ ಓದಿಬಿಡುತ್ತದೆ. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ನೋಡಲಿ. ಲೇಖನದಲ್ಲಿ ಒಂದು ಪದ ತಪ್ಪಿದರೆ ಓದುಗರು ಕ್ಷಮಿಸುತ್ತಾರೆ. ಹೆಸರು ತಪ್ಪಿದರೆ ಮನಸ್ಸು ನೋಯುತ್ತದೆ.

ಸಮಿತಿಯವರಲ್ಲಿ ನನ್ನದೊಂದು ಕೋರಿಕೆ. ಐವತ್ತು ವರ್ಷದ ಶಿಕ್ಷಕರ ಮತ್ತು ಸಿಬ್ಬಂದಿಯ ಪಟ್ಟಿಯನ್ನು ಅಚ್ಚಿಗೆ ಕೊಡುವ ಮುನ್ನ ಒಂದು ವಾರ ನೋಟಿಸ್ ಬೋರ್ಡಿಗೆ ಹಚ್ಚಿ. ಊರವರು ನೋಡಲಿ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಲಿ. ಹತ್ತನೇ ತರಗತಿಯ ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ಪುಟ ಕಟ್ಟುವ ಕೆಲಸ ನಾನು ಮಾಡಿಕೊಡುತ್ತೇನೆ, ಅದಕ್ಕೆ ಹಣ ಬೇಡ. ಆದರೆ ಕೊನೆಯ ಪ್ರೂಫಿನ ಕೆಳಗೆ ಓದಿದವರಿಬ್ಬರ ಸಹಿ ಇಲ್ಲದೆ ಪ್ರೆಸ್ಸಿಗೆ ಕಳಿಸುವುದಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಿದ್ದ ಮೇಷ್ಟ್ರ ಶಿಷ್ಯ ನಾನು, ಅಷ್ಟಾದರೂ ಮಾಡದಿದ್ದರೆ ಹೇಗೆ?